ಪುರಸಭೆಗೆ ಓಪನ್ ಸೋರ್ಸ್ ತರಬೇಕಾ? ಲಿನಕ್ಸ್ ಪೆನ್‌ಡ್ರೈವ್ ಮನೆಯಲ್ಲೇ ಇಟ್ಟು ಹೋಗಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಊರಿನಲ್ಲಿ ಒಂದು ಪುರಸಭೆ. ನನ್ನಂಥವರು ಬಹಳ ಜನ ಇದ್ದೀರಿ ಅಂತ ಗೊತ್ತು. ಹಬ್ಬಕ್ಕೆ ಹೋದಾಗ ಕಚೇರಿಯ ಕಂಪ್ಯೂಟರ್ ನೋಡಿ ‘ಇದಕ್ಕೆಲ್ಲ ಯಾಕೆ ದುಡ್ಡು ಸುರೀತೀರಿ, ನಾನು ಲಿನಕ್ಸ್ ಹಾಕ್ಕೊಡ್ತೀನಿ ಬಿಡಿ’ ಅನ್ನುವ ಹುಮ್ಮಸ್ಸೂ ಗೊತ್ತು. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಓಪನ್ ಸೋರ್ಸ್ ವ್ಯವಸ್ಥೆ; ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರ್. ನಾನೂ ಪೆನ್‌ಡ್ರೈವ್ ಹಿಡಿದು ಹೀಗೇ ಹೋಗಿದ್ದೆ. ಒಂದು ಕಂಪ್ಯೂಟರ್‌ಗೆ ಉಬುಂಟು ಅನ್ನುವ ಲಿನಕ್ಸ್ ಹಾಕಿದೆ. ಆಪರೇಟರ್ ಮೇಡಂ ಹಳೇ ಸಭಾ ನಡಾವಳಿಯ ಫೈಲ್ ಒಂದನ್ನು ತೆರೆದರು. ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಒಂದೊಂದಕ್ಕೂ ಮೇಲೊಂದು ಟೊಪ್ಪಿ, ಕೆಳಗೊಂದು ಬಾಲ. ಕನ್ನಡ ಒಂದಕ್ಷರ ಇಲ್ಲ. ‘ಸಾರ್, ನೀವು ನಾಳೆ ಬಸ್ ಹತ್ತಿ ಹೋಗ್ತೀರಿ. ಮೀಟಿಂಗ್ ನೋಟಿಸ್ ನಾನು ಕಳಿಸಬೇಕು’ ಅಂದರು. ಸಂಜೆಯೊಳಗೆ ವಿಂಡೋಸ್ ವಾಪಸ್ ಬಂತು.

ಆಮೇಲೆ ಎರಡು ಮೂರು ವರ್ಷ ಹೋಗಿ ಬಂದು ಮಾಡಿ ಕಲಿತದ್ದು ಇದು. ಮೊದಲು ಹಳೇ ಫೈಲುಗಳಲ್ಲಿ ಸಿಕ್ಕಿಕೊಂಡಿರುವ ಊರಿನ ಡಾಟಾ ಬಿಡಿಸಿ. ಆಮೇಲೆ ಟೆಂಡರ್ ತಿದ್ದಿಸಿ. ಕಂಪ್ಯೂಟರ್ ಬದಲಾಯಿಸುವುದು ಕೊನೆಗೆ, ಅದೂ ಅವರಾಗಿ ಕೇಳಿದರೆ. ಈ ಕ್ರಮ ತಲೆಕೆಳಗಾದರೆ ಕೆಲಸ ಕೆಡುತ್ತದೆ.

ಯಾವುದು ಯಾರ ಕೈಯಲ್ಲಿದೆ

ಇದನ್ನು ತಿಳಿಯದೆ ಹೋದರೆ ಮುಖ್ಯಾಧಿಕಾರಿಗಳ ಮುಂದೆ ಪೆಚ್ಚಾಗುತ್ತೀರಿ. ಆಸ್ತಿ ದಾಖಲೆಯ ಇ-ಆಸ್ತಿಯಂಥ ದೊಡ್ಡ ತಂತ್ರಾಂಶಗಳು ಮೇಲಿನಿಂದ ಬರುತ್ತವೆ. ಪುರಸಭೆಯವರು ಅದನ್ನು ಆರಿಸಿಯೂ ಇಲ್ಲ, ಬಿಡಲೂ ಆಗುವುದಿಲ್ಲ. ಅದರ ಬಗ್ಗೆ ಅವರ ಹತ್ತಿರ ವಾದ ಮಾಡಿದರೆ ಕಂಡಕ್ಟರ್ ಹತ್ತಿರ ಡೀಸೆಲ್ ರೇಟು ಮಾತಾಡಿದ ಹಾಗೆ.

ಊರಿನ ಕೈಯಲ್ಲಿ ಇರುವುದು ಬೇರೆ. ನಡಾವಳಿ, ನೋಟಿಸು, ಮಳಿಗೆ ಬಾಡಿಗೆ ಪಟ್ಟಿ, ಬೀದಿ ದೀಪದ ಪಟ್ಟಿ, ವಾರ್ಡ್ ನಕ್ಷೆ, ಚರಂಡಿ ನಕ್ಷೆ. ಜೊತೆಗೆ ಆಗಾಗ ಕರೆಯುವ ಸಣ್ಣ ಟೆಂಡರ್‌ಗಳು: ದೂರು ಹೇಳುವ ಆ್ಯಪ್, ಕಸದ ಗಾಡಿ ಎಲ್ಲಿದೆ ಅಂತ ನೋಡುವ ವ್ಯವಸ್ಥೆ, ನೀರಿನ ಬಿಲ್ಲಿನ ಲೆಕ್ಕ. ಇಷ್ಟರಲ್ಲೇ ಬೇಕಾದಷ್ಟು ಕೆಲಸ ಇದೆ.

ಮೊದಲು ಯಾರನ್ನು ನೋಡಬೇಕು? ಅಧ್ಯಕ್ಷರನ್ನಲ್ಲ. ಶಾಲು ಹೊದಿಸಿ ಫೋಟೋ ತೆಗೆಸಿ ಕಳಿಸಿಬಿಡುತ್ತಾರೆ. ಕೇಸ್ ವರ್ಕರ್ ಮತ್ತು ಆಪರೇಟರ್ ಪಕ್ಕ ಒಂದು ದಿನ ಕುರ್ಚಿ ಹಾಕಿಕೊಂಡು ಸುಮ್ನೆ ಕೂತು ನೋಡಿ. ಅವರು ಒಪ್ಪದ ಸಾಫ್ಟ್‌ವೇರ್ ಒಂದು ತಿಂಗಳೂ ಬದುಕುವುದಿಲ್ಲ.

ಒಂದು ಹಾಳೆಯ ಲೆಕ್ಕ

ಕಚೇರಿಯಲ್ಲಿ ಬಳಸುವ ಪ್ರತಿ ಸಾಫ್ಟ್‌ವೇರ್‌ಗೆ ಒಂದು ಸಾಲು. ಯಾರು ಮಾಡಿದ್ದು, ಡೊಮೇನ್ (ಜಾಲತಾಣದ ವಿಳಾಸ) ಯಾರ ಹೆಸರಿನಲ್ಲಿದೆ, ಸರ್ವರ್ ಎಲ್ಲಿದೆ, ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಗೊತ್ತು, ವಾರ್ಷಿಕ ನಿರ್ವಹಣೆ ಯಾವಾಗ ಮುಗಿಯುತ್ತದೆ, ಡಾಟಾ ಹೊರಗೆ ತೆಗೆಯಲು ಬಟನ್ ಇದೆಯಾ ಇಲ್ಲವಾ. ಇಷ್ಟೇ. ಎಕ್ಸೆಲ್‌ನಲ್ಲೇ ಮಾಡಿ, ತೊಂದರೆ ಇಲ್ಲ.

ಡೊಮೇನ್ ಪ್ರಶ್ನೆ ಚಿಲ್ಲರೆ ಅನ್ನಿಸಬಹುದು. ನಾನು ಕಂಡ ಒಂದು ಊರಿನಲ್ಲಿ ದೂರು ಹೇಳುವ ಜಾಲತಾಣದ ಡೊಮೇನ್ ಗುತ್ತಿಗೆದಾರರ ಹುಡುಗನ ಸ್ವಂತ ಜಿಮೇಲ್‌ನಲ್ಲಿತ್ತು. ಹುಡುಗ ಕೆಲಸ ಬಿಟ್ಟ, ನವೀಕರಣದ ಮೇಲ್ ಯಾರೂ ನೋಡಲಿಲ್ಲ, ಒಂದು ಬೆಳಗ್ಗೆ ನಾಗರಿಕರು ಚರಂಡಿ ದೂರು ಕೊಡಲು ಹೋದರೆ ರಮ್ಮಿ ಆಟದ ಜಾಹೀರಾತು ಬಂತು. ಕೋಡ್ ಪೂರ್ತಿ ಓಪನ್ ಸೋರ್ಸ್ ಆಗಿದ್ದರೂ ಇದು ಆಗುತ್ತಿತ್ತು. ಸರ್ಕಾರಿ ಕಚೇರಿಗಳಿಗೆ ‘ಗವ್ ಡಾಟ್ ಇನ್’ ವಿಳಾಸ ಸಿಗುತ್ತದೆ. ಅದನ್ನೇ ತೆಗೆದುಕೊಳ್ಳಲು ಹೇಳಿ.

ಹಳೇ ಕನ್ನಡ ಫೈಲುಗಳು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕೆಂದರೆ ಹೊರದೇಶದ ಯಾವ ಮಾರ್ಗದರ್ಶಿಯಲ್ಲೂ ಈ ಸಮಸ್ಯೆ ಇರುವುದಿಲ್ಲ.

ಹಿಂದೆ ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಬಹಳಷ್ಟು ಫೈಲುಗಳ ಒಳಗೆ ಕನ್ನಡ ಇಲ್ಲವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟ ಫಾಂಟ್ ಇದೆ, ಅಷ್ಟೇ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ನಮ್ಮ ಮೇಡಂಗೆ ಕಂಡ ಟೊಪ್ಪಿ, ಬಾಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್ ಫೈಲಿನಲ್ಲಿ ಹುಡುಕುವ ಹಾಗೆ ಇದರಲ್ಲಿ ‘ಮಳಿಗೆ’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಇದು ಬೀಗದ ಹಾಗೆ. ಬೀಗ ಹಾಕಿದವರು ಯಾವ ವಿದೇಶಿ ಕಂಪನಿಯೂ ಅಲ್ಲ, ಆ ಕಾಲಕ್ಕೆ ಇದ್ದ ದಾರಿಯೇ ಅದು. ನುಡಿ ಬರದಿದ್ದರೆ ಕಚೇರಿಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ, ಹಾಗಾಗಿ ಬೈಯುವುದಕ್ಕೆ ಹೋಗಬೇಡಿ.

ಬಿಡಿಸುವ ಕ್ರಮ ಹೀಗೆ. ಮೂಲ ಫೈಲುಗಳನ್ನು ಮುಟ್ಟಬೇಡಿ. ಪೂರ್ತಿ ಫೋಲ್ಡರ್ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ, ಕಾಪಿಯ ಮೇಲೆ ಮಾತ್ರ ಕೈಯಿಡಿ. ಇಪ್ಪತ್ತು ವರ್ಷದ್ದೆಲ್ಲ ಬೇಡ. ಈಗಲೂ ದಿನಾ ಬಳಸುವ ಪಟ್ಟಿಗಳು, ಕಳೆದ ನಾಲ್ಕೈದು ವರ್ಷದ ನಡಾವಳಿ ಸಾಕು. ಹಳೇ ಫಾಂಟಿನಿಂದ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಓಪನ್ ಸೋರ್ಸ್‌ನಲ್ಲೇ ಇವೆ, ಬ್ರೌಸರ್‌ನಲ್ಲೇ ಓಡುತ್ತವೆ. ಆಸ್ತಿ ಪಟ್ಟಿಯಂಥದ್ದನ್ನು ಯಾವುದೋ ಜಾಲತಾಣಕ್ಕೆ ಅಂಟಿಸಬೇಡಿ, ಕೋಡ್ ಇಳಿಸಿಕೊಂಡು ನಿಮ್ಮ ಯಂತ್ರದಲ್ಲೇ ಓಡಿಸಿ.

ಪರಿವರ್ತನೆ ಆದ ಮೇಲೆ ಮೂರು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಕೂರುತ್ತದೆ. ಧರ್ಮಣ್ಣ, ಸೂರ್ಯಪ್ರಕಾಶ್, ದುರ್ಗಮ್ಮ ಇಂಥ ಹೆಸರುಗಳನ್ನು ಹುಡುಕಿ ನೋಡಿ. ಎರಡು, ದೀರ್ಘ ಮತ್ತು ಒತ್ತಕ್ಷರ. ಮೂರನೆಯದು ನಿಜವಾಗಿ ಅಪಾಯದ್ದು: ನಡುವೆ ಬಂದ ಇಂಗ್ಲಿಷ್. ಪರಿವರ್ತಕಕ್ಕೆ ಯಾವುದು ಇಂಗ್ಲಿಷ್, ಯಾವುದು ಕನ್ನಡ ಅಂತ ತಿಳಿಯುವುದಿಲ್ಲ, ಎಲ್ಲವನ್ನೂ ಕನ್ನಡ ಮಾಡುತ್ತದೆ. ನುಡಿ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಜಾಗದಲ್ಲಿ ಇರುವುದು ನಮ್ಮ ಸೊನ್ನೆ, ಅಂದರೆ ಅನುಸ್ವಾರ. ಸರ್ವೆ ನಂಬರ್ 45/2 ಆದ ಮೇಲೆ ಇಂಗ್ಲಿಷಿನ ‘ಎ’ ಇದ್ದರೆ ಪರಿವರ್ತನೆಯಲ್ಲಿ ಅದು 45/2ಂ ಆಗುತ್ತದೆ. ಪ್ರಿಂಟ್ ತೆಗೆದರೆ ಥೇಟ್ 45/20. ಒಬ್ಬರ ಜಾಗ ಇನ್ನೊಬ್ಬರದ್ದಾಗಿ ಕಾಣಲು ಇಷ್ಟು ಸಾಕು. ಹಾಗಾಗಿ ಪಟ್ಟಿಗಳಲ್ಲಿ ಹೆಸರಿನ ಕಾಲಂ ಮಾತ್ರ ಪರಿವರ್ತಿಸಿ, ನಂಬರ್ ಕಾಲಂ ಮುಟ್ಟಬೇಡಿ. ಪತ್ರಗಳಲ್ಲಿ ಇದು ಆಗುವುದಿಲ್ಲ, ಒಬ್ಬರು ಕೂತು ಓದಲೇಬೇಕು. ಪರಿವರ್ತಿಸಿದ ಫೈಲ್ ಕೆಲಸದ ಪ್ರತಿ ಮಾತ್ರ, ಮೂಲ ದಾಖಲೆ ಹಳೆಯದ್ದೇ ಅಂತ ಮೇಲೆ ಬರೆದಿಡಿ.

ಫಾಂಟ್‌ಗೆ ನೋಟೊ ಕನ್ನಡ, ಲೋಹಿತ್, ಗುಬ್ಬಿ, ನವಿಲು ಎಲ್ಲ ಇವೆ, ಎಲ್ಲವೂ ಮುಕ್ತ. ಸಿಬ್ಬಂದಿಯ ಮೊದಲ ಪ್ರಶ್ನೆ ಫಾಂಟಲ್ಲ, ‘ಕೀಬೋರ್ಡ್ ಬದಲಾಗುತ್ತಾ?’ ಅನ್ನುವುದು. ಇಲ್ಲ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ. ಲಿನಕ್ಸ್ ಆದರೆ ಐಬಸ್ ಅನ್ನುವ ಟೈಪಿಂಗ್ ಸಲಕರಣೆಯಲ್ಲಿ ನುಡಿಯದ್ದೇ ಕೆಜಿಪಿ ಕೀಬೋರ್ಡ್ ವಿನ್ಯಾಸ ಸಿಗುತ್ತದೆ. ಇದನ್ನು ಮೊದಲ ದಿನವೇ ಅವರ ಕೈಯಲ್ಲೇ ಟೈಪ್ ಮಾಡಿಸಿ ತೋರಿಸಿ, ಅರ್ಧ ಭಯ ಹೋಗುತ್ತದೆ.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೆ ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಇದೆ, ಕನ್ನಡ ಓದುತ್ತದೆ. ಓಸಿಆರ್ ಮೈ ಪಿಡಿಎಫ್ ಅನ್ನುವುದು ಅದನ್ನೇ ಬಳಸಿ ಚಿತ್ರದ ಹಿಂದೆ ಅಕ್ಷರ ಕೂರಿಸುತ್ತದೆ. ಅಚ್ಚಾದ ಪುಟಕ್ಕೆ ಪರವಾಗಿಲ್ಲ. ಕೈಬರಹಕ್ಕೆ ಆಸೆ ಇಟ್ಟುಕೊಳ್ಳಬೇಡಿ.

ನಕ್ಷೆ

ನಕ್ಷೆ ಮಾಡುವ ಓಪನ್ ಸೋರ್ಸ್ ತಂತ್ರಾಂಶ ಕ್ಯೂಜಿಐಎಸ್ ಕಲಿಯಿರಿ, ಒಂದು ವಾರಾಂತ್ಯ ಸಾಕು. ವಾರ್ಡ್ ಗಡಿ ಪಿಡಿಎಫ್‌ನಲ್ಲಿ ಮಾತ್ರ ಇದ್ದರೆ ಅದು ಗೋಡೆಗೆ ಅಂಟಿಸುವ ಚಿತ್ರ, ಯಾವ ಆ್ಯಪ್‌ಗೂ ಉಪಯೋಗವಿಲ್ಲ. ಬೆಂಗಳೂರನ್ನೇ ನೋಡಿ. 198 ವಾರ್ಡ್ ಇದ್ದದ್ದು 2022ರಲ್ಲಿ 243 ಅಂದರು, 2023ರಲ್ಲಿ 225 ಅಂದರು, 2025ರಲ್ಲಿ ಪಾಲಿಕೆಯೇ ಐದಾಯಿತು. ಪ್ರತಿ ಸಲವೂ ಕಂಪ್ಯೂಟರ್ ಓದಬಲ್ಲ ಗಡಿ ಫೈಲ್ ಇದ್ದವರಿಗೆ ಮಾತ್ರ ತಮ್ಮ ಬೀದಿ ಯಾವ ವಾರ್ಡಿಗೆ ಹೋಯಿತು ಅಂತ ಹೇಳಲು ಆಗುತ್ತದೆ. ಡಾಟಾಮೀಟ್, ಓಪನ್‌ಸಿಟಿ ಅಂಥ ಗುಂಪುಗಳು ಇಂಥ ಫೈಲುಗಳನ್ನು ಎಲ್ಲರಿಗೂ ಸಿಗುವ ಹಾಗೆ ಇಡುತ್ತಾ ಬಂದಿವೆ. ನಿಮ್ಮ ಊರಿಗೆ ಆ ಕೆಲಸ ಮಾಡುವವರು ನೀವೇ ಇರಬೇಕು.

ಬೀದಿ, ದೇವಸ್ಥಾನ, ನೀರಿನ ಟ್ಯಾಂಕ್ ಇವನ್ನು ಯಾರು ಬೇಕಾದರೂ ತುಂಬಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕಿ. ಅದರಲ್ಲಿ ಕನ್ನಡ ಹೆಸರಿಗೆ ಬೇರೆ ಜಾಗವೇ ಇದೆ, ತುಂಬಿ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡಬೇಡಿ, ಅದಕ್ಕೆ ಅನುಮತಿ ಇಲ್ಲ, ಅಳಿಸಿ ಹಾಕುತ್ತಾರೆ. ಬೀದಿ ದೀಪ ಎಣಿಸಬೇಕು ಅಂದರೆ ಓಡಿಕೆ ಕಲೆಕ್ಟ್ ಅನ್ನುವ ಆ್ಯಪ್ ಹಾಕಿಕೊಳ್ಳಿ: ಪ್ರಶ್ನೆ ಕನ್ನಡದಲ್ಲೇ ಬರೆಯಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ಓಡುತ್ತದೆ. ಕಾಲೇಜು ಹುಡುಗರು ನಾಲ್ಕು ಜನ ಸಿಕ್ಕರೆ ಒಂದು ಸಣ್ಣ ಊರು ಎರಡು ಭಾನುವಾರಕ್ಕೆ ಮುಗಿಯುತ್ತದೆ.

ಒಂದು ಎಚ್ಚರ. ದೀಪದ ಕಂಬ ಎಲ್ಲರಿಗೂ ತೆರೆದಿಡಬಹುದು. ತೆರಿಗೆ ಬಾಕಿದಾರರ ಹೆಸರು, ಫೋನ್ ನಂಬರ್ ಕೋಡ್ ಹಂಚುವ ಜಾಲತಾಣ ಗಿಟ್‌ಹಬ್‌ನಲ್ಲಿ ಇಡುವುದಲ್ಲ. ಕೋಡ್ ತೆರೆಯುವುದು ಬೇರೆ, ಜನರ ವಿವರ ತೆರೆಯುವುದು ಬೇರೆ. ಉತ್ಸಾಹದಲ್ಲಿ ಇವೆರಡನ್ನೂ ಕಲಸಿಬಿಡುವವರನ್ನು ನೋಡಿದ್ದೇನೆ.

ಟೆಂಡರ್

ಇಲ್ಲಿಗೆ ಬರುವ ಹೊತ್ತಿಗೆ ಕಚೇರಿಯಲ್ಲಿ ನಿಮ್ಮ ಮಾತು ಕೇಳುವವರು ಇಬ್ಬರಾದರೂ ಇರುತ್ತಾರೆ. ಟೆಂಡರ್ ದಾಖಲೆಗಳು ಕರ್ನಾಟಕದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಕೆಪಿಪಿಪಿಯಲ್ಲಿ ಸಿಗುತ್ತವೆ. ಬೇರೆ ಊರಿನವರು ಕರೆದ ಸಾಫ್ಟ್‌ವೇರ್ ಟೆಂಡರ್ ನಾಲ್ಕು ಇಳಿಸಿ ಓದಿ. ಕೆಲವರು ಬೇಕಾದ ಕೆಲಸ ಬರೆಯುವ ಜಾಗದಲ್ಲಿ ಬೇಕಾದ ಕಂಪನಿಯ ಉತ್ಪನ್ನದ ಹೆಸರನ್ನೇ ಬರೆದಿರುತ್ತಾರೆ. ‘ಡಾಟಾಬೇಸ್ ಬೇಕು’ ಅನ್ನುವ ಬದಲು ಇಂಥದ್ದೇ ಡಾಟಾಬೇಸ್ ಬೇಕು ಅಂತ. ಆ ಸಾಲು ತೆಗೆಸಿದರೆ ಅರ್ಧ ಗೆದ್ದ ಹಾಗೆ.

ವಾದಕ್ಕೆ ಒಂದು ಆಧಾರ ಇದೆ. ಕೇಂದ್ರ ಸರ್ಕಾರ 2015ರಲ್ಲಿ ಓಪನ್ ಸೋರ್ಸ್ ಅಳವಡಿಕೆಯ ನೀತಿ ತಂದಿತು. ಟೆಂಡರ್‌ನಲ್ಲಿ ಓಪನ್ ಸೋರ್ಸನ್ನೂ ಪರಿಗಣಿಸಬೇಕು, ಅದನ್ನು ಬಿಟ್ಟು ಬೇರೆ ಕೊಡುವ ಪೂರೈಕೆದಾರರು ಯಾಕೆ ಬಿಟ್ಟೆವು ಅಂತ ಕಾರಣ ಕೊಡಬೇಕು ಅನ್ನುತ್ತದೆ ಅದು. ಆದರೆ ಇದು ಕೇಂದ್ರದ ಕಚೇರಿಗಳಿಗೆ, ಮತ್ತು ಒಪ್ಪಿಕೊಂಡ ರಾಜ್ಯಗಳಿಗೆ. ಪುರಸಭೆಗೆ ಹೋಗಿ ‘ನೀವು ಮಾಡಲೇಬೇಕು’ ಅನ್ನಬೇಡಿ. ‘ಮೇಲಿನವರೇ ಹೀಗೆ ಹೇಳಿದ್ದಾರೆ, ನಾವೂ ಹಾಕಿಕೊಂಡರೆ ಆಡಿಟ್‌ನಲ್ಲಿ ತೊಂದರೆ ಬರುವುದಿಲ್ಲ’ ಅನ್ನಿ. ಆಡಿಟ್ ಅನ್ನುವ ಪದಕ್ಕೆ ಇರುವ ಶಕ್ತಿ ಯಾವ ತತ್ವಕ್ಕೂ ಇಲ್ಲ.

ಷರತ್ತಿನ ಭಾಷೆ ಕಚೇರಿಗೆ ಹೊಂದುವ ಹಾಗೆ ಇರಬೇಕು. ನಾನು ಬರೆದುಕೊಟ್ಟದ್ದು ಹೀಗಿತ್ತು, ಬೇಕಾದರೆ ತೆಗೆದುಕೊಳ್ಳಿ:

‘ಸದರಿ ಕಾಮಗಾರಿಯಡಿ ಬರೆಯಲಾದ ಎಲ್ಲಾ ಸೋರ್ಸ್ ಕೋಡ್, ಡಾಟಾಬೇಸ್ ವಿನ್ಯಾಸ ಹಾಗೂ ಕೈಪಿಡಿಗಳ ಹಕ್ಕು ಪುರಸಭೆಯದ್ದಾಗಿರತಕ್ಕದ್ದು. ಗುತ್ತಿಗೆದಾರರು ಕೆಲಸ ಪ್ರಾರಂಭಿಸಿದ ದಿನದಿಂದಲೇ ಕೋಡನ್ನು ಪುರಸಭೆಯ ಹೆಸರಿನ ಖಾತೆಯಲ್ಲಿ ಸಂಗ್ರಹಿಸತಕ್ಕದ್ದು. ಪ್ರತಿ ತಿಂಗಳು ಸಂಪೂರ್ಣ ಡಾಟಾವನ್ನು ಸಿಎಸ್‌ವಿ (ಯಾವ ತಂತ್ರಾಂಶದಲ್ಲೂ ತೆರೆಯಬಹುದಾದ ಸರಳ ಪಟ್ಟಿ) ರೂಪದಲ್ಲಿ ಒದಗಿಸತಕ್ಕದ್ದು. ಕನ್ನಡ ಪಠ್ಯವು ಯುನಿಕೋಡ್‌ನಲ್ಲಿಯೇ ಇರತಕ್ಕದ್ದು. ಸಂಬಂಧವಿಲ್ಲದ ಮೂರನೇ ವ್ಯಕ್ತಿಯು ಸದರಿ ಕೋಡ್ ಮತ್ತು ಕೈಪಿಡಿ ಮಾತ್ರ ಬಳಸಿ ತಂತ್ರಾಂಶವನ್ನು ಖಾಲಿ ಸರ್ವರ್‌ನಲ್ಲಿ ಸ್ಥಾಪಿಸಿ ತೋರಿಸಿದ ನಂತರವೇ ಕೊನೆಯ ಕಂತು ಪಾವತಿಸಲಾಗುವುದು.’

ಕೊನೆಯ ವಾಕ್ಯ ಬಿಡಬೇಡಿ. ಉಳಿದ ನಾಲ್ಕನ್ನೂ ಒಪ್ಪಿಕೊಂಡು ಒಂದು ಜಿಪ್ ಫೈಲ್ ಸಿಡಿಗೆ ಹಾಕಿ ಕೊಟ್ಟು ಹೋಗುತ್ತಾರೆ, ಆ ಸಿಡಿ ಬೀರುವಿನಲ್ಲಿ ಕೂರುತ್ತದೆ, ಮೂರು ವರ್ಷ ಆದ ಮೇಲೆ ತೆಗೆದರೆ ಅರ್ಧ ಕೋಡ್ ಇರುವುದಿಲ್ಲ ಅಥವಾ ಇದ್ದರೂ ಅದು ಓಡುವುದು ಆ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಖಾಲಿ ಸರ್ವರ್‌ನಲ್ಲಿ ಬೇರೊಬ್ಬರು ಎಬ್ಬಿಸಿ ತೋರಿಸಿದರೆ ಮಾತ್ರ ಕೋಡ್ ನಮ್ಮ ಕೈಗೆ ಬಂತು ಅಂತ ಲೆಕ್ಕ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರನ್ನು ಕೇಳಿದರೆ ಈ ಪರೀಕ್ಷೆ ಮಾಡಿಕೊಡುತ್ತಾರೆ. ಕೋಡ್ ಒಳಗೆ ಪಾಸ್‌ವರ್ಡ್ ಬರೆದಿಟ್ಟಿದ್ದಾರಾ ಅಂತಲೂ ಅವರಿಂದಲೇ ನೋಡಿಸಿ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಪಟ್ಟಿಯಲ್ಲಿರುವ ಸಂಸ್ಥೆಯ ಭದ್ರತಾ ಆಡಿಟ್ ಅದಾದ ಮೇಲೆ.

‘ಓಪನ್ ಸೋರ್ಸ್ ಅಂದರೆ ಪುಕ್ಕಟೆ ಅಲ್ವಾ, ನಿರ್ವಹಣೆಗೆ ಯಾಕೆ ದುಡ್ಡು?’ ಅಂತ ಸದಸ್ಯರು ಕೇಳಿಯೇ ಕೇಳುತ್ತಾರೆ. ಪುಕ್ಕಟೆ ಅಂತ ನೀವೇ ಮೊದಲು ಹೇಳಿದ್ದರೆ ಅಲ್ಲಿಗೆ ಮುಗಿಯಿತು. ಸರ್ವರ್‌ಗೆ ದುಡ್ಡು ಬೇಕು, ತಿದ್ದುವವರಿಗೆ ಸಂಬಳ ಬೇಕು. ಲೈಸೆನ್ಸ್ ದುಡ್ಡು ಉಳಿಯುತ್ತದೆ, ಮತ್ತು ಈಗಿನವರು ಸರಿಯಿಲ್ಲದಿದ್ದರೆ ಮುಂದಿನ ವರ್ಷ ಬೇರೆಯವರನ್ನು ಕರೆಯಬಹುದು. ಬೋರ್‌ವೆಲ್ ಪಂಪ್ ಉದಾಹರಣೆ ಕೊಡಿ: ಹಾಕಿದವರೇ ರಿಪೇರಿ ಮಾಡಬೇಕು ಅಂತ ಇದ್ದರೆ ಅವರು ಕೇಳಿದ್ದೇ ರೇಟು.

ಹೊಸದಾಗಿ ಬರೆಸುವ ಮುಂಚೆ

ಹೆಚ್ಚಿನದ್ದು ಆಗಲೇ ಯಾರೋ ಬರೆದಿಟ್ಟಿರುತ್ತಾರೆ. ನಗರಾಡಳಿತಕ್ಕೆ ಅಂತಲೇ ಇರುವ ಡಿಜಿಟ್ ವೇದಿಕೆ ನಮ್ಮ ಬೆಂಗಳೂರಿನ ಇ-ಗವ್ ಫೌಂಡೇಶನ್‌ನದ್ದು. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ 2003ರಲ್ಲಿ ಕಟ್ಟಿದ ಸಂಸ್ಥೆ ಅದು. ಕೋಡ್ ಗಿಟ್‌ಹಬ್‌ನಲ್ಲಿದೆ, ಎಂಐಟಿ ಲೈಸೆನ್ಸ್. ಪಂಜಾಬಿನ ನಗರ ಸೇವೆಗಳ ಜಾಲತಾಣ ಎಂ-ಸೇವಾ ಅದರ ಮೇಲೆ ನಿಂತಿದೆ, ಕೇಂದ್ರದ ನಗರಾಡಳಿತ ವೇದಿಕೆ ಉಪಯೋಗ್ ಕೂಡ. ಆದರೆ ನನ್ನ ಅಭಿಪ್ರಾಯ ಕೇಳಿದರೆ ಒಂದು ಪುರಸಭೆ ಒಂಟಿಯಾಗಿ ಇದಕ್ಕೆ ಕೈಹಾಕಬಾರದು. ಅದು ರಾಜ್ಯಕ್ಕೆ ಹೊಲಿದ ಅಂಗಿ. ನಡೆಸಲು ಒಂದು ತಂಡವೇ ಬೇಕು.

ದೂರು ಹೇಳುವ ವ್ಯವಸ್ಥೆ ಮಾತ್ರ ಬೇಕಾದರೆ ಫಿಕ್ಸ್‌ಮೈಸ್ಟ್ರೀಟ್ ನೋಡಿ. ಇಂಗ್ಲೆಂಡಿನ ಮೈಸೊಸೈಟಿಯವರು 2007ರಲ್ಲಿ ಶುರು ಮಾಡಿದ್ದು. ಸ್ವಿಜರ್ಲೆಂಡಿನ ಜ್ಯೂರಿಕ್ ನಗರ ಅದನ್ನೇ ತನ್ನ ಹೆಸರಿನಲ್ಲಿ ನಡೆಸುತ್ತದೆ. ಜನರ ಸಲಹೆ ಪಡೆಯಲು ಬಾರ್ಸಿಲೋನಾದ ಡಿಸಿಡಿಮ್ ಇದೆ, ಹೆಲ್ಸಿಂಕಿಯೂ ಬಳಸುತ್ತದೆ. ಚೆನ್ನಾಗಿದೆ. ಆದರೆ ವಾರ್ಡ್ ಸಭೆಗೆ ಇಪ್ಪತ್ತು ಜನ ಬಾರದ ಊರಿಗೆ ಅದು ಹಾಕಿ ಏನು ಮಾಡೋಣ? ಮೊದಲು ಚಹಾ ಕೊಟ್ಟು ಸಭೆ ನಡೆಸಿ.

ಲೈಸೆನ್ಸ್ ಓದುವುದು ಮರೆಯಬೇಡಿ. ಎಂಐಟಿ ಆದರೆ ಗುತ್ತಿಗೆದಾರರು ತಿದ್ದಿ ಮುಚ್ಚಿಟ್ಟುಕೊಳ್ಳಬಹುದು, ಹಾಗಾಗಿ ಮೇಲಿನ ಷರತ್ತು ಬೇಕೇ ಬೇಕು. ಫಿಕ್ಸ್‌ಮೈಸ್ಟ್ರೀಟ್, ಡಿಸಿಡಿಮ್ ಎರಡೂ ಎಜಿಪಿಎಲ್ ಅನ್ನುವ ಲೈಸೆನ್ಸ್‌ನವು. ಅಲ್ಲಿ ಜಾಲದಲ್ಲಿ ನಡೆಸುವವರು ತಿದ್ದಿದ ಕೋಡನ್ನು ಬಳಸುವವರಿಗೂ ಕೊಡಬೇಕಾಗುತ್ತದೆ.

ಒಳಗೆ ಯಾರೂ ಮಾತಾಡಿಸದಿದ್ದರೆ

ಮಾಹಿತಿ ಹಕ್ಕು ಇದೆಯಲ್ಲ. ಹತ್ತು ರೂಪಾಯಿ ಶುಲ್ಕ, 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಸೋರ್ಸ್ ಕೋಡ್ ಕೊಡಿ ಅಂತ ಕೇಳಬೇಡಿ, ಕಲಂ 8(1)(ಡಿ) ತೋರಿಸಿ ವ್ಯಾಪಾರ ರಹಸ್ಯ ಅನ್ನುವುದು ಬಹಳ ಸುಲಭ. ಒಪ್ಪಂದದ ಪ್ರತಿ ಕೇಳಿ, ನಿರ್ವಹಣೆಗೆ ವರ್ಷವಾರು ಪಾವತಿಸಿದ ಮೊತ್ತ ಕೇಳಿ, ಕೋಡ್ ಮೇಲಿನ ಹಕ್ಕು ಯಾರದ್ದು ಅನ್ನುವ ಪುಟ ಕೇಳಿ. ಆ ಮೂರು ಕಾಗದ ಹಿಡಿದು ಒಬ್ಬ ಸದಸ್ಯರಿಗೆ ಕೊಟ್ಟರೆ ಸಾಮಾನ್ಯ ಸಭೆಯಲ್ಲಿ ಅವರೇ ಕೇಳುತ್ತಾರೆ.

ಕೊನೆಗೆ, ಕಂಪ್ಯೂಟರ್‌ಗಳು

ಜರ್ಮನಿಯ ಮ್ಯೂನಿಕ್ ನಗರ ಕಂಪ್ಯೂಟರಿನಿಂದಲೇ ಶುರು ಮಾಡಿತ್ತು. 2003ರಲ್ಲಿ ನಿರ್ಧಾರ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳಲ್ಲಿ ಲಿಮಕ್ಸ್ ಅನ್ನುವ ತಮ್ಮದೇ ಲಿನಕ್ಸ್. ಹತ್ತು ವರ್ಷ ಹಿಡಿದದ್ದು ಯಾಕೆ? ಲಿನಕ್ಸ್ ಹಾಕುವುದಕ್ಕಲ್ಲ. ಒಂದೊಂದು ವಿಭಾಗದಲ್ಲೂ ಸೇರಿಕೊಂಡಿದ್ದ ಸಾವಿರಾರು ಪತ್ರದ ನಮೂನೆ, ಅವುಗಳೊಳಗೆ ಕೆಲಸವನ್ನು ತಾನಾಗಿ ಮಾಡುವ ಮ್ಯಾಕ್ರೋ ಅನ್ನುವ ಸಣ್ಣ ಪ್ರೋಗ್ರಾಂಗಳನ್ನು ಬಿಡಿಸುವುದಕ್ಕೆ. ಅದಕ್ಕಾಗಿ ಅವರು ವೊಲ್‌ಮಕ್ಸ್ ಅಂತ ಸಲಕರಣೆಯನ್ನೇ ಬರೆದರು. ಅಷ್ಟಾದರೂ 2017ರಲ್ಲಿ ನಗರ ಪರಿಷತ್ತು ವಿಂಡೋಸ್‌ಗೆ ಮರಳಲು ಮತ ಹಾಕಿತು. ರಾಜಕೀಯವೂ ಇತ್ತು, ಚದುರಿ ಹೋಗಿದ್ದ ಐಟಿ ವಿಭಾಗಗಳ ತೊಂದರೆಯೂ ಇತ್ತು. ಸಿಬ್ಬಂದಿಗೆ ಏನು ಕೆಟ್ಟರೂ ‘ಲಿನಕ್ಸ್‌ನಿಂದ’ ಅನ್ನಿಸುತ್ತಿತ್ತು. 2020ರಲ್ಲಿ ಬಂದ ಹೊಸ ಆಡಳಿತ ಒಕ್ಕೂಟ ಮತ್ತೆ ಓಪನ್ ಸೋರ್ಸ್ ಕಡೆ ತಿರುಗಿತು, ಈ ಸಲ ಸಾರ್ವಜನಿಕರ ದುಡ್ಡಿನಲ್ಲಿ ಬರೆದ ಕೋಡ್ ಸಾರ್ವಜನಿಕರಿಗೆ ಅನ್ನುವ ಕಡೆಯಿಂದ.

ನೀವು ವಿಂಡೋಸ್ ಇರಲಿ ಬಿಡಿ ಅನ್ನಿ. ಅದರ ಮೇಲೇ ಪತ್ರ, ಪಟ್ಟಿ ಬರೆಯುವ ಓಪನ್ ಸೋರ್ಸ್ ಲಿಬ್ರೆಆಫೀಸ್ ಹಾಕಿ, ಕನ್ನಡ ಮೆನು ಕೂಡ ಬರುತ್ತದೆ. ಒಂದು ಟೇಬಲ್, ಒಬ್ಬರು, ಒಂದು ನಮೂನೆ, ಅಷ್ಟರಿಂದ ಶುರು ಮಾಡಿ. ನಮ್ಮ ಮೇಡಂ ಈಗ ನೋಟಿಸ್ ಬರೆಯುವುದು ಅದರಲ್ಲೇ. ಲಿನಕ್ಸ್ ಬಗ್ಗೆ ನಾನು ಮತ್ತೆ ಬಾಯಿ ಬಿಟ್ಟಿಲ್ಲ.

ವಾಪಸ್ ಬಸ್ ಹತ್ತುವ ಮುಂಚೆ ಒಂದು ಕೆಲಸ ಬಾಕಿ ಇರುತ್ತದೆ. ಆ ಒಂದು ಹಾಳೆ ತೆರೆದು ಎಲ್ಲೆಲ್ಲಿ ನಿಮ್ಮ ಸ್ವಂತ ಜಿಮೇಲ್ ಕೊಟ್ಟಿದ್ದೀರಿ ನೋಡಿ. ಗಿಟ್‌ಹಬ್ ಖಾತೆ, ಓಡಿಕೆ ಸರ್ವರ್, ಮ್ಯಾಪ್ ಖಾತೆ. ಎಲ್ಲ ತೆಗೆದು ಕಚೇರಿಯ ಮೇಲ್ ಹಾಕಿ, ಪಾಸ್‌ವರ್ಡ್‌ಗಳನ್ನು ಲಕೋಟೆಯಲ್ಲಿ ಮುಚ್ಚಿ ಮುಖ್ಯಾಧಿಕಾರಿಗಳ ಬೀರುವಿನಲ್ಲಿ ಇರಿಸಿ, ರಿಜಿಸ್ಟರ್‌ನಲ್ಲಿ ಸಹಿ ಪಡೆದು ಹೊರಡಿ. ಆ ರಮ್ಮಿ ಹುಡುಗ ಮಾಡಿದ್ದನ್ನೇ ನಾನೂ ಮಾಡಿದ್ದೆ ಅಂತ ಗೊತ್ತಾದದ್ದು ನನಗೆ ಎರಡನೇ ವರ್ಷದಲ್ಲಿ.